ಎರಡನೇ ಸಲ ನಾಲ್ಕನೇ ಕ್ಲಾಸು

ನಮ್ಮ ಮಹಡಿಯಲ್ಲೇ ಇದ್ದ ಟೀಚರ್ ಹುಬ್ಬನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಸ್ಕೂಲ್ ಬಸ್ಸಿನ ಅವಸರದಲ್ಲಿ ಕೆಲವು ದಿನ ಒಂದೇ ಹುಬ್ಬು ಬರೆದು ಹೊರಟುಬಿಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಸನ್ನೆ ಮಾಡಿದರೆ, "ಅಯ್ಯೋ ದೇವಾ!" ಎಂದು ಲಿಫ್ಟಿನ ಕನ್ನಡಿಯಲ್ಲಿ ಇನ್ನೊಂದನ್ನು ಬರೆಯುತ್ತ, ಕೆಳಗೆ ಪಾರ್ಕಿಂಗಿನವರೆಗೂ ಕೇಳುವಂತೆ ನಗುತ್ತಿದ್ದರು. ಕುವೈತಿನ ಮೈದಾನ್ ಹವಲ್ಲಿಯ ಆ ಕಟ್ಟಡದಲ್ಲಿದ್ದ ಮಂಗಳೂರು ಕಡೆಯ ಮಕ್ಕಳೆಲ್ಲ ಸಂಜೆ ಅವರ ಮನೆಯಲ್ಲೇ. ಪಾಠಕ್ಕಿಂತ ಗಲಾಟೆಯೇ ಹೆಚ್ಚು. "ಯಲ್ಲಾ, ಬನ್ನಿ ಬನ್ನಿ, ಮೊದಲು ತಿನ್ನಿ, ಮತ್ತೆ ಓದಿ" ಎನ್ನುವುದು ಅವರ ಮಾಮೂಲಿ ಮಾತು.

ಮೀನಾ ಅಲ್ ಅಹ್ಮದಿಯ ಎಣ್ಣೆ ರಿಫೈನರಿಯಲ್ಲಿ ಇಂಜಿನಿಯರ್ ಆಗಿದ್ದ ನನ್ನ ಗಂಡನಿಗೆ ಜಪಾನಿನಲ್ಲಿ ಕೆಲಸ ಸಿಕ್ಕಿತು. ಮಗಳು ಆಗಷ್ಟೇ ನಾಲ್ಕನೇ ಕ್ಲಾಸು ಮುಗಿಸಿದ್ದಳು, ಅದೂ ಒಳ್ಳೇ ಮಾರ್ಕಿನಲ್ಲಿ. ಮಾರ್ಕ್ಸ್ ಕಾರ್ಡು, ಅಬಾಕಸ್ ಸರ್ಟಿಫಿಕೇಟು, ಚಿತ್ರಕಲೆಯ ಪದಕದ ಫೋಟೊ ಎಲ್ಲವನ್ನೂ ಅಲ್ಲಿನ ಶಾಲೆಗೆ ಕಳಿಸಿದೆ. ಅವರು ನೋಡಿದ್ದು ಹುಟ್ಟಿದ ದಿನ ಮಾತ್ರ. ಅಲ್ಲಿ ವಯಸ್ಸಿಗೆ ತಕ್ಕ ತರಗತಿಯಂತೆ. ಇವಳಿಗೆ ಮತ್ತೆ ನಾಲ್ಕು!

ನನಗೆ ಮೈಯೆಲ್ಲ ಉರಿಯಿತು. ಪಾಸಾದ ಮಗುವನ್ನು ಫೇಲ್ ಮಾಡುವುದೆಂದರೇನು? ಊರಿನವರಿಗೆ ಏನೆಂದು ಹೇಳುವುದು? ಮಗಳನ್ನು ಮಂಗಳೂರಿನಲ್ಲಿ ನನ್ನ ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರೇ ಹೋಗುವುದೆಂದು ತೀರ್ಮಾನಿಸಿದೆ. ಆದರೂ ಮನಸ್ಸು ಕೇಳಲಿಲ್ಲ, ಅವಳನ್ನೂ ಕರೆದುಕೊಂಡು ಟೀಚರ್ ಮನೆಗೆ ಓಡಿದೆ.

"ಜಪಾನಿನವರ ಹತ್ತಿರ ನಿಮಗೆ ಏನಾದ್ರೂ ವಾಸ್ತಾ ಉಂಟಾ ಟೀಚರ್?" ವಾಸ್ತಾ ಎಂದರೆ ನಮ್ಮ ಕಡೆಯ ಶಿಫಾರಸು.

ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಐದನೇ ಕ್ಲಾಸಿಗೆ ವಾಸ್ತಾ! ಎಂತ ಮಾರಾಯ್ತಿ ನೀನು!" ಆಮೇಲೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "ನೀನು ಹೇಳು ಪುಟ್ಟಿ. ನಿಂಗೆ ಎಂತ ಬೇಕು?"

"ಫೋರ್ತ್ ಈಸ್ ಓಕೆ, ಟೀಚರ್," ಎಂದಳು ಮಗಳು. "ಐ ವಾಂಟ್ ಮಮ್ಮಿ."

ಅಷ್ಟು ದಿನ ಅವಳನ್ನು ಯಾರೂ ಕೇಳಿಯೇ ಇರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

"ಖಲಾಸ್! ಕೇಳಿದ್ಯಲ್ಲ?" ಎಂದರು ಟೀಚರ್. "ಕ್ಲಾಸು ಇನ್ನೊಮ್ಮೆ ಸಿಗ್ತದೆ ಮಾರಾಯ್ತಿ. ಒಂಬತ್ತು ವರ್ಷದ ಮಗಳು ಇನ್ನೊಮ್ಮೆ ಸಿಗ್ತಾಳಾ?"

ಅದು ತಪಸ್ಸುಕಾಲ, ಕ್ರೈಸ್ತರ ಉಪವಾಸದ ದಿನಗಳು. ಈಸ್ಟರ್ ಬರುವವರೆಗೆ ಟೀಚರ್ ಸಿಹಿ ಮುಟ್ಟುವವರಲ್ಲ. ಆದರೂ ಮರುದಿನ ತಟ್ಟೆ ತುಂಬ ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿ, ಕರಿದು, ಮಗಳ ಕೈಗೆ ಕೊಟ್ಟು, ಮನೆಮನೆಯ ಬೆಲ್ ಒತ್ತಿದರು. "ನಮ್ಮ ಹುಡುಗಿ ನಾಲ್ಕನೇ ಕ್ಲಾಸಿಗೆ ಪಾಸಾಗಿದ್ದಾಳೆ, ತಗೊಳ್ಳಿ!"

"ಅವಳು ಈಗಲೇ ನಾಲ್ಕಲ್ವಾ?" ಎಂದು ಕೆಳಗಿನ ಮನೆಯ ಬ್ಯಾರಿ ಅಕ್ಕ ಕೇಳಿದರೆ, "ಇದು ಜಪಾನಿನ ನಾಲ್ಕು, ಅದು ಬೇರೆಯೇ!" ಎಂದು ಅವರ ಬಾಯಿಗೇ ಒಂದು ನೆವ್ರಿ ತುರುಕಿದರು. ಮಗಳು ಬಿದ್ದು ಬಿದ್ದು ನಕ್ಕಳು. ಹಿಂದೆ ನಿಂತಿದ್ದ ನಾನೂ ನಕ್ಕೆ.

ಟೀಚರ್ ಈಗಲೂ ಕುವೈತಿನಲ್ಲೇ ಇದ್ದಾರೆ. ನಾವು ಮೂವರೂ ಜಪಾನಿಗೆ ಬಂದು ವರ್ಷ ದಾಟಿತು. ಬೆಳಗ್ಗೆ ಜಡೆ ಹೆಣೆಯಲು ಕೂತರೆ ಮಗಳು ಜಪಾನಿ ಭಾಷೆಯಲ್ಲಿ ಏನೋ ಗೊಣಗುತ್ತ ತಲೆ ಅಲ್ಲಾಡಿಸುತ್ತಾಳೆ, ನಾನು ಗದರುತ್ತೇನೆ. ಟೀಚರ್ ಇಲ್ಲದೇ ಹೋಗಿದ್ದರೆ ಈ ಜಡೆಯನ್ನು ನಾನು ಫೋನಿನಲ್ಲಿ ನೋಡಬೇಕಿತ್ತು.