ಶಿವಯ್ಯನ ಗಾಡಿಯ ದೊಡ್ಡ ಟೈರು, ಚಲುವಮ್ಮನ ಹುಣಸೆಬೀಜ

ಹಾಂ, ಟೈರಿನ ವಿಷಯಕ್ಕೇ ಬಂದೆ ಕಣೇ ಹೇಮಾ, ಬರೆದುಕೋ. ಬಂಕಿನಲ್ಲಿ ಡೀಸೆಲ್ ಹಾಕಿಸುವಾಗಲೆಲ್ಲ ಶಿವಯ್ಯ ಪಕ್ಕದಲ್ಲಿ ಕೂತವರನ್ನು ಯಾಕೆ ಕೆಳಗಿಳಿಸಿ ಪಂಪಿನ ಮೀಟರ್ ತೋರಿಸುತ್ತಾನೆ ಅಂತ ಕೇಳಿದೆಯಲ್ಲ, ಅದು ಸುಮ್ಮನೆ ಹತ್ತಿಕೊಂಡ ಅಭ್ಯಾಸವಲ್ಲ.

ಶಿವಯ್ಯ ಹಾರನಹಳ್ಳಿಯ ಕೆಂಚಪ್ಪಗೌಡರ ಪಿಕಪ್ ಓಡಿಸುವವನು. ತೋಟದ ಕಾಯಿಯನ್ನು ಅರಸೀಕೆರೆಗೆ ಸಾಗಿಸುವುದು, ವಾರಕ್ಕೆರಡು ಸಲ ಹಳೇಬೀಡಿನ ಅಂಗಡಿಗಳಿಗೆ ಇಳಿಸಿ ಬರುವುದು ಅವನ ಕೆಲಸ. ಮಾತು ಕಡಿಮೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿದರೂ ಚಕ್ರಕ್ಕೊಂದು ಕಲ್ಲು ಕೊಡದೆ ಗಾಡಿ ಬಿಟ್ಟು ಹೋದವನಲ್ಲ. ಆ ಕಲ್ಲನ್ನೂ ಸೀಟಿನಡಿ ಇಟ್ಟುಕೊಂಡಿರುತ್ತಾನೆ, ಮಗುವಿನ ಹಾಗೆ. ಹೆಂಡತಿ ಚಲುವಮ್ಮ ಒಮ್ಮೆ ಅದನ್ನು ಒಗೆಯುವ ಕಲ್ಲಿನ ಪಕ್ಕ ಎಸೆದಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ. ಇರಲಿ, ಅದು ಬೇರೆ ಕಥೆ.

ಎರಡು ಸಾವಿರದ ಒಂದನೇ ಇಸವಿ. ಕೆಂಚಪ್ಪಗೌಡರು ಬೇಲೂರಿನಲ್ಲಿ ಎಸ್ಟೇಟಿನವರ ಜೀಪೊಂದನ್ನು ನೋಡಿಬಂದರು. ಆಳೆತ್ತರಕ್ಕೆ ನಿಂತ ಜೀಪು, ದಪ್ಪ ಟೈರು. ಗೌಡರ ತೋಟದ ಕಾಲುವೆ ದಾಟುವಾಗ ಗಾಡಿಯ ಹೊಟ್ಟೆ ಏರಿಗೆ ಉಜ್ಜುತ್ತಿತ್ತು ಅನ್ನುವುದೂ ನಿಜವೇ. ಮಾರನೆಯ ವಾರ ಪಿಕಪ್ಪಿಗೂ ಅಂಥದ್ದೇ ದೊಡ್ಡ ಟೈರು ಬಂತು. ಗೌಡರು ಸುತ್ತ ನಡೆದು ನೋಡಿ, ಮೀಸೆ ಮೇಲೆ ಕೈಯಾಡಿಸಿಕೊಂಡರು.

ಅಲ್ಲಿಂದ ಶುರುವಾಯಿತು. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಒಂಬತ್ತಕ್ಕೆ ಬಂತು. ಕಾಯಿ ತುಂಬಿದರೆ ಟಾಪ್ ಗೇರು ಎಳೆಯುವುದೇ ಇಲ್ಲ. ಸಣ್ಣ ಏರಿಗೂ ಗೊರಗೊರ ಅನ್ನುತ್ತದೆ, ಮೂರಕ್ಕೋ ಎರಡಕ್ಕೋ ಇಳಿಸಬೇಕು. ಗಾಡಿ ಎಳೆಯುತ್ತಿಲ್ಲ ಅಂತ ಶಿವಯ್ಯ ಎರಡು ಸಲ ಹೇಳಿದ. ಗೌಡರು ಕೇಳಲಿಲ್ಲ. ಮೂರನೆಯ ವಾರ, ಬಸ್‌ಸ್ಟ್ಯಾಂಡಿನ ಟೀ ಹೋಟೆಲಿನ ಮುಂದೆ, ಹತ್ತು ಜನರ ನಡುವೆ ಕೇಳಿಯೇಬಿಟ್ಟರು.

"ಏನ್ಲಾ ಶಿವ, ಡೀಸೆಲ್ಲ ಗಾಡಿ ಕುಡೀತೈತೋ, ನಿಮ್ಮನೆ ಕ್ಯಾನು ಕುಡೀತೈತೋ?"

ಜನ ನಕ್ಕರು. ಶಿವಯ್ಯ ಲೋಟ ಕೆಳಗಿಟ್ಟ. ಟೀ ಅರ್ಧ ಉಳಿದಿತ್ತು. ಒಂಬತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೆ ಕಳ್ಳ ಅನ್ನುವ ಹೆಸರು ಬಂದರೆ, ಆ ಸುತ್ತಮುತ್ತ ಬೇರೆ ಯಾರೂ ಕೀಲಿ ಕೈಗೆ ಕೊಡುವುದಿಲ್ಲ. ಅದು ಅವನಿಗೂ ಗೊತ್ತು, ನಕ್ಕವರಿಗೂ ಗೊತ್ತು. ಆದರೂ ಅವನಿಗೆ ಸಿಟ್ಟು ಬರಲಿಲ್ಲ. ತುಂಬ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿ ಎದ್ದಾಗ ತೋಳು ತನ್ನದಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು. ಮನೆಗೆ ಹೋದ, ಮುದ್ದೆ ನುಂಗಿದ, ಸಾರಿಗೆ ಉಪ್ಪಿರಲಿಲ್ಲ ಅನ್ನುವುದೂ ಗೊತ್ತಾಗಲಿಲ್ಲ. ಚಲುವಮ್ಮನಿಗೆ ಮಾತ್ರ ಅಷ್ಟರಲ್ಲಾಗಲೇ ಬೀದಿಯಿಂದ ಸುದ್ದಿ ಮುಟ್ಟಿತ್ತು.

"ನೀನು ಸುಮ್ಕೆ ಕುಂತ್ರೆ ಕದ್ದವ್ನೆ ಅಂತ್ಲೇ ಆಯ್ತದೆ ಕಣಯ್ಯ," ಅಂದಳು. "ನಾಳೆ ನಾನೂ ಬತ್ತೀನಿ."

ಚಲುವಮ್ಮ ಶಾಲೆ ಕಂಡವಳಲ್ಲ. ಸಂತೆಯಲ್ಲಿ ಕಾಯಿ ಎಣಿಸುವಾಗ ನೂರಕ್ಕೊಂದು ಹುಣಸೆಬೀಜ ತೆಗೆದಿಡುವವಳು, ಲೆಕ್ಕ ಎಂದೂ ತಪ್ಪಿದ್ದಿಲ್ಲ. ಮಾರನೆಯ ಬೆಳಿಗ್ಗೆ ಬಲಮಡಿಲಲ್ಲಿ ಬೀಜ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಹಳೇಬೀಡಿನ ದಾರಿಯಲ್ಲಿ ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ಒಂದೊಂದು ದಾಟಿದಾಗಲೂ ಒಂದು ಬೀಜ ಎಡಮಡಿಲಿಗೆ. ಹೋಗುವಾಗ ಇಪ್ಪತ್ತು ಕಲ್ಲು, ಬರುವಾಗ ಅದೇ ಇಪ್ಪತ್ತು. ಗಾಡಿಯ ಮೀಟರ್ ಓಡಿದ್ದು ಮೂವತ್ತಾರೇ. ನಾಲ್ಕು ಬೀಜ ಹೆಚ್ಚಾಯಿತು.

ಅವಳು ನೇರವಾಗಿ ಗೌಡರ ಜಗುಲಿಗೆ ಹೋಗಿ ಬೀಜ ಸುರಿದಳು. ಗೌಡರಿಗೆ ತಲೆಬುಡ ತಿಳಿಯಲಿಲ್ಲ. ಅರಸೀಕೆರೆಯ ಮೆಕ್ಯಾನಿಕ್ ಪುಟ್ಟಸ್ವಾಮಿಯ ಶೆಡ್ಡಿಗೆ ಮೂವರೂ ಹೋದರು. ಪುಟ್ಟಸ್ವಾಮಿ ಬೀಜದ ಕಥೆ ಕೇಳಿ, ಟೈರು ನೋಡಿ, ಗ್ರೀಸಿನ ಕೈಯಲ್ಲೇ ಹಣೆ ಚಚ್ಚಿಕೊಂಡ.

"ಕಳ್ಳ ಗಾಡಿ ಕೆಳಗವ್ನೆ ಗೌಡ್ರೇ. ಕರ್ಕೊಂಡು ಬಂದೋರು ನೀವೇ."

ಆಮೇಲೆ ಅವನು ಬಿಡಿಸಿ ಹೇಳಿದ್ದು ಇಷ್ಟು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರ್ ಮಾತ್ರ ಹಳೆಯ ಚಕ್ರದ ಲೆಕ್ಕದಲ್ಲೇ ಎಣಿಸುತ್ತದೆ. ಅಲ್ಲಿಗೆ ಓಡಿದ ದೂರದಲ್ಲೇ ಹತ್ತಕ್ಕೊಂದು ಮಾಯ. ಒಂಬತ್ತು ಅಂದುಕೊಂಡದ್ದು ನಿಜಕ್ಕೂ ಹತ್ತು. ಉಳಿದ ಎರಡನ್ನು ಎಂಜಿನ್ನೇ ತಿಂದಿದೆ. ಹಿಂದಿನ ಆಕ್ಸಲ್ಲಿನೊಳಗೆ ಚಕ್ರ ತಿರುಗಿಸುವ ಜೋಡಿ ಹಲ್ಲುಗಾಲಿ ಇದೆ, ಕ್ರೌನ್ ಪಿನಿಯನ್ ಅಂತ. ಅದನ್ನು ಸಣ್ಣ ಚಕ್ರಕ್ಕೆ ಅಂತ ಕೂರಿಸಿದ್ದು. ಅದಕ್ಕೆ ಭಾರದ ದೊಡ್ಡ ಚಕ್ರ ಕಟ್ಟಿದರೆ, ಸೈಕಲ್ಲಿನ ಹಿಂದೆ ಹೆಂಡತಿಯನ್ನೂ ಅಕ್ಕಿಮೂಟೆಯನ್ನೂ ಕೂರಿಸಿಕೊಂಡು ದಿಬ್ಬ ತುಳಿದ ಹಾಗೆ. ಟೈರಿಗೆ ಹೊಂದುವ ಬೇರೆ ಕ್ರೌನ್ ಪಿನಿಯನ್ ಹಾಕಿಸಿ, ಇಲ್ಲವೇ ಹಳೆ ಟೈರನ್ನೇ ಹಾಕಿ ಅಂದ.

ಹಳೆ ಟೈರೇ ವಾಪಸ್ಸು ಬಂತು. ವಾರದೊಳಗೆ ಗಾಡಿ ಮತ್ತೆ ಹನ್ನೆರಡು ಕೊಟ್ಟಿತು. ಅದೇ ಟೀ ಹೋಟೆಲಿನ ಮುಂದೆ ಗೌಡರು, "ಹೋಗ್ಲಿ ಬಿಡ್ಲಾ, ಬಾಯಿ ತಪ್ಪಿ ಅಂದ್ಬಿಟ್ಟೆ," ಅಂದರು. ಕೆಟ್ಟವರಲ್ಲ ಗೌಡರು, ನಾಲಿಗೆ ಮುಂದು, ಅಷ್ಟೆ.

"ಆಯ್ತು ಗೌಡ್ರೇ," ಅಂದ ಶಿವಯ್ಯ.

ಅಂದು ಚಲುವಮ್ಮ ಶಾವಿಗೆ ಪಾಯಸ ಮಾಡಿದ್ದಳು. ಅವನು ಅದನ್ನೂ ಮುದ್ದೆ ನುಂಗಿದ ಹಾಗೇ ನುಂಗಿದ. ಗೆದ್ದೆ ಅಂತಲೂ ಅನ್ನಿಸಲಿಲ್ಲ, ನೋವು ಅಂತಲೂ ಇರಲಿಲ್ಲ. ಕೆಲಸ ಬಿಡಲಿಲ್ಲ. ಕಲ್ಲು ಸೀಟಿನಡಿಯಲ್ಲೇ ಇದೆ. ಆದರೆ ಅಂದಿನಿಂದ ಬಂಕಿಗೆ ಹೋದರೆ ಯಾರಾದರೊಬ್ಬರು ಇಳಿದು ನೋಡಲೇಬೇಕು. ಯಾರೂ ಇಲ್ಲದಿದ್ದರೆ ರಸ್ತೆಯಲ್ಲಿ ಹೋಗುವವರನ್ನು ಕರೆಯುತ್ತಾನೆ, ಅವರು ಬಂದು ನಿಂತಮೇಲೇ ಟ್ಯಾಂಕಿನ ಮುಚ್ಚಳ ತೆಗೆಯುವುದು. ಮೂರು ವರ್ಷವಾಯಿತು.

ನಾಳೆ ಅರಸೀಕೆರೆಗೆ ಹೊರಟಿದ್ದೀಯಲ್ಲ ಮಗಳೇ, ಬಸ್ಸು ಬೇಡ, ಅವನ ಗಾಡಿಯಲ್ಲೇ ಹೋಗು. ಈ ಡಬ್ಬಿ ಚಟ್ನಿಪುಡಿಯನ್ನು ಚಲುವಮ್ಮನಿಗೆ ಅಂತ ಅವನ ಕೈಗೆ ಕೊಡು. ಬಂಕಿನಲ್ಲಿ ಅವನು ಇಳಿದು ನೋಡವ್ವ ಅನ್ನುತ್ತಾನೆ. ನೀನು ಇಳಿಯಬೇಡ, ಅವನ ಲೆಕ್ಕ ನಾವು ನೋಡಬೇಕಾಗಿಲ್ಲ. ಕಿಟಕಿಯ ಆಚೆ ನೋಡುತ್ತಾ ಕೂತಿರು. ಅವನು ಎರಡು ಸಲ ಕರೆದರೂ ಕೂತೇ ಇರು.