ತೆಂಗಿನಕಾಯಿ ನೀರು ಕುಡಿದ ಕಂಪ್ಯೂಟರ್

ಆಗ ಮುಂಡರಗಿಯಲ್ಲಿ ಕಂಪ್ಯೂಟರಿಗೂ ಮಡಿ ಇತ್ತು. ಪಿಯುಸಿ ಸೈನ್ಸಿನವರಾದ ನಾವು ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ಕೈಕಟ್ಟಿ ನಿಂತು ನೋಡಬೇಕು. ಇಡೀ ಕಾಲೇಜಿಗೆ ಒಂದೇ ಯಂತ್ರ, ಕೀಲಿಮಣೆಯೂ ಮಿದುಳೂ ಒಂದೇ ಡಬ್ಬಿಯಲ್ಲಿ. ಅದನ್ನು ಮುಟ್ಟುವವರು ಕಂಪ್ಯೂಟರ್ ಕಲಿಸುವ ಸರ್ ಒಬ್ಬರೇ.

ನಾನು ಮನೆಯ ಕಡಪಾ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಕೀಲಿಗಳನ್ನು ಬರೆದು, ಗಿರ್ಮಿಟ್ ತಿಂದ ಎಣ್ಣೆಗೈಯಲ್ಲೇ ಕುಟ್ಟಿ ಕುಟ್ಟಿ ಕಲಿತೆ. ಕಂಪ್ಯೂಟರ್ ಮುಟ್ಟದೆ ಪ್ರೋಗ್ರಾಮ್ ಬರೆದ ಗಂಡು ಈ ತಾಲೂಕಿನಲ್ಲಿ ನಾನೊಬ್ಬನೇ. ಅದು ಮೊದಲು ಹೆಸರು ಕೇಳಬೇಕು. ಹೆಸರು ಒತ್ತಿದವರನ್ನು ಕತ್ತೆ ಮಾಡಿ ‘ನೀ ಕತ್ತಿ’ ಅನ್ನಬೇಕು. ಯಾರ ಹೆಸರಿಗೂ ರಿಯಾಯಿತಿ ಇರಲಿಲ್ಲ.

ಸರ್ ನಾನು ಬರೆದ ಹಾಳೆ ಓದಿದರು, ನಗಲಿಲ್ಲ. “ತಪ್ಪಿಲ್ಲ ಬಿಡು. ಖಂಡೇಪೂಜಿ ಆಗ್ಲಿ, ನೀನ ಕುಂತು ಹೊಡಿ,” ಅಂದರು. ಆ ವಾರ ನನಗೆ ನಿದ್ದೆ ಹತ್ತಲಿಲ್ಲ.

ಆಯುಧಪೂಜೆಯ ದಿನ ಕೋಣೆ ತುಂಬ ಊದಿನಕಡ್ಡಿ, ಚೆಂಡುಹೂವಿನ ವಾಸನೆ. ಸರ್ ಯಂತ್ರ ಚಾಲೂ ಮಾಡಿ, ಪರದೆಗೆ ವಿಭೂತಿ ಎಳೆದು, ಟ್ರ್ಯಾಕ್ಟರಿಗೆ ಒಡೆಯುವ ಹಾಗೆ ಮೇಜಿನ ಅಂಚಿಗೇ ತೆಂಗಿನಕಾಯಿ ಒಡೆದರು. ನೀರು ಸೀದಾ ಕೀಲಿಗಳ ಸಂದಿಗೆ ಇಳಿಯಿತು. ಯಂತ್ರ ಒಮ್ಮೆ ಕುಂಯ್ ಅಂದು ಸುಮ್ಮನಾಯಿತು. ಎಲ್ಲರೂ ನೋಡಿದೆವು.

ಪ್ರಿನ್ಸಿಪಾಲರು ಬಂದರು. “ಯಾರ್ ನೀರ್ ಹಾಕಿದ್ರಲೇ?”

ಸರ್ ಮುಖ ಬೆಳ್ಳಗಾಗಿತ್ತು. ಕಣ್ಣು ನಮ್ಮನ್ನೆಲ್ಲ ಸುತ್ತಿ ನನ್ನ ಮೇಲೆ ನಿಂತಿತು. “ಇವನರೀ. ಮೊದ್ಲಿಂದ್ಲೂ ಕಿಡಿಗೇಡಿ.”

“ಇಲ್ರೀ ಸರ. ಬಸ್ಯಾನ್ನ ಕೇಳ್ರಿ ಬೇಕಾದ್ರ.”

ಹಿರೇವಡ್ಡಟ್ಟಿಯ ಬಸ್ಯಾ ನನ್ನ ಬೆಂಚಿನ ಗೆಳೆಯ. ಹಿಂದಿನ ವಾರವಷ್ಟೇ ಅವನ ಕಾಲರಿಗೆ ಕಪ್ಪತಗುಡ್ಡದ ತುರಚಿ ಸೊಪ್ಪು ಸವರಿದ್ದೆ. ಕೆರೆದು ಕೆರೆದು ಕತ್ತಿನಲ್ಲಿ ರಕ್ತ ಬಂದಿತ್ತು. ಬಸ್ಯಾ ಆ ಕತ್ತನ್ನೇ ಮೆಲ್ಲಗೆ ಸವರಿಕೊಂಡು, “ಹೌದ್ರೀ ಸರ, ಇವನ. ನಾ ಕಣ್ಣಾರ ನೋಡೇನಿ,” ಅಂದ.

“ಖರೆ ಐತ್ರೀ,” ಎಂದಿತು ಹಿಂದಿನಿಂದ ಇನ್ನೊಂದು ದನಿ. ಇಡೀ ತರಗತಿ ಗೋಣು ಹಾಕಿತು. ನನ್ನ ಇಂಥ ಆಟಗಳಿಂದ ಅಳದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

ಕಾಲೇಜು ಬಿಡಿಸಿದರು. ಅಪ್ಪ ನಮ್ಮ ಕಿರಾಣಿ ಅಂಗಡಿಯ ತಕ್ಕಡಿ ಮುಂದೆ ಕೂಡಿಸಿ, “ಇದನ್ನ ಬೇಕಾದಷ್ಟ ಮುಟ್ಟು. ಕೆಡೂದಿಲ್ಲ,” ಅಂದ.

ನಾನು ಎಷ್ಟೋ ಆಟ ಹೂಡಿದ್ದೇನೆ. ಅವತ್ತಿನ ಆ ಸಾಕ್ಷಿಯಷ್ಟು ಸಲೀಸಾದದ್ದು ಒಂದೂ ಇಲ್ಲ. ಬಸ್ಯಾನಿಗೆ ಆ ಮರ್ಯಾದೆ ಕೊಡಲೇಬೇಕು.

ಮೊನ್ನೆ ಮಗಳ ಲ್ಯಾಪ್‌ಟಾಪಿನಲ್ಲಿ, ಚಪ್ಪಲಿ ಹಾಕಿಕೊಂಡೇ, ಅದೇ ಪ್ರೋಗ್ರಾಮ್ ಬರೆದೆ. ಹೆಸರು ಕೇಳಿತು. ಬಸ್ಯಾ ಎಂದು ಒತ್ತಿದೆ. ‘ನೀ ಕತ್ತಿ’ ಅಂದಿತು. ಬಸ್ಯಾ ತೀರಿಕೊಂಡು ಎರಡು ಮಳೆಗಾಲ ಆಯಿತು. ಸರ್ ಅವನಿಗಿಂತ ಮೊದಲೇ ಹೋದರು. ಸಿಟ್ಟಿಗೇಳಲು ಯಾರೂ ಉಳಿದಿಲ್ಲ.

ಕೊನೆಗೆ ನನ್ನ ಹೆಸರು ಒತ್ತಿದೆ. ಯಾರಿಗೂ ರಿಯಾಯಿತಿ ಇಲ್ಲ ಎಂದು ಆಗಲೇ ಹೇಳಿದ್ದೇನಲ್ಲ.