ಬಾಯ್ಲರ್ ಸರಿಹೋದ ವಾರ

ಇದನ್ನು ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ಪ್ರತಿ ಸಲವೂ ಒಂದು ನೆಪ ಸಿಕ್ಕಿದೆ. ಕನ್ನಡಕ ಮಹಡಿಯ ಮೇಲಿದೆ, ಮೊಮ್ಮಗಳನ್ನು ನರ್ಸರಿಯಿಂದ ಕರೆತರಬೇಕು, ಚಹಾ ಆರಿಹೋಗುತ್ತದೆ. ನೆಪ ಹುಡುಕುವ ಕೆಲಸಕ್ಕೆ ಸಂಬಳವಿದ್ದಿದ್ದರೆ ನಾನು ಸಾಹುಕಾರನಾಗಿರುತ್ತಿದ್ದೆ. ಇವತ್ತು ಕನ್ನಡಕ ಮೂಗಿನ ಮೇಲೇ ಇದೆ, ಮೊಮ್ಮಗಳು ಮಲಗಿದ್ದಾಳೆ, ಚಹಾ ಕುಡಿದಾಗಿದೆ. ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಹೆಂಡತಿ ಹೋದ ಮೇಲೆ ನಾನು ಇಂಗ್ಲೆಂಡಿನ ಸೊಲಿಹಲ್‌ನಲ್ಲಿರುವ ಮಗನ ಮನೆಗೆ ಬಂದೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ದುಡಿದದ್ದು ಮೈಸೂರು ಕಡೆಯ ಬಸ್ ಡಿಪೋದಲ್ಲಿ, ಮೆಕ್ಯಾನಿಕ್ ಆಗಿ. ಮಗ ಇಲ್ಲಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಕಂಪ್ಯೂಟರಿನಲ್ಲಿ ಕಾರು ಬರೆಯುತ್ತಾನೆ. ಸ್ಪ್ಯಾನರ್ ಹಿಡಿದದ್ದನ್ನು ನಾನು ಕಂಡಿಲ್ಲ. ಇಂಥ ಮನೆಯಲ್ಲಿ ಯಂತ್ರದ ವಿಷಯಕ್ಕೆ ನಾನೇ ಯಜಮಾನ ಎಂದು ನನ್ನಷ್ಟಕ್ಕೆ ನಾನೇ ಪಟ್ಟ ಕಟ್ಟಿಕೊಂಡಿದ್ದೆ.

ಸೊಸೆ ಎಜ್‌ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರ್. ತವರು ಧಾರವಾಡ. ಮೊದಲ ಹೆರಿಗೆ ಚಳಿಗಾಲದಲ್ಲಿ ಆಯಿತು, ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಬಾಣಂತನಕ್ಕೆಂದು ಅವಳ ತಾಯಿ ಬಂದರು. ಬೇಸಿಗೆಯವರೆಗೂ ಇರಬೇಕೆಂಬುದು ತಾಯಿ ಮಗಳ ಆಸೆ. ಬೀಗಿತ್ತಿಯವರು ಬಂದ ದಿನದಿಂದಲೇ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಕೇಳಬೇಡಿ. ಅಡುಗೆಮನೆಯಲ್ಲಿ ನನ್ನ ಕುರ್ಚಿ ಸರಿಸಿ ಮಣೆ ಹಾಕಿಕೊಂಡರು, ರೊಟ್ಟಿ ಚೆನ್ನಾಗಿ ತಟ್ಟುತ್ತಿದ್ದರು, ಮಗ ಅದನ್ನು ಹೊಗಳುತ್ತಿದ್ದ. ಅಷ್ಟು ಸಾಕಾಗಿತ್ತು.

ಅದೇ ಹೊತ್ತಿಗೆ ಬಾಯ್ಲರ್ ಕೈಕೊಡಲು ಶುರುಮಾಡಿತು. ಅಡುಗೆಮನೆಯ ಗೋಡೆಗೆ ನೇತುಹಾಕಿದ ಬಿಳಿ ಡಬ್ಬಿ. ರೇಡಿಯೇಟರ್‌ಗಳಿಗೂ ಸ್ನಾನಕ್ಕೂ ಬಿಸಿನೀರು ಅದರಿಂದಲೇ. ಒಳಗೆ ನೀರಿನ ಒತ್ತಡ ಇಳಿದರೆ ತಾನಾಗಿ ಆರಿಹೋಗುತ್ತದೆ. ಮಗ ಫೋನಿನಲ್ಲಿ ವಿಡಿಯೋ ನೋಡಿ, ಕೆಳಗಿನ ನಲ್ಲಿ ತಿರುಗಿಸಿ ನೀರು ತುಂಬಿಸಿ, ಒತ್ತಡದ ಮೀಟರಿನ ಮುಳ್ಳು ಮೇಲಕ್ಕೆ ಬಂದರೆ ಚಂದ್ರಲೋಕಕ್ಕೆ ಹೋಗಿಬಂದವನಂತೆ ಕೈ ಒರೆಸಿಕೊಳ್ಳುತ್ತಿದ್ದ. ಎರಡು ದಿನಕ್ಕೆ ಮುಳ್ಳು ಮತ್ತೆ ಕೆಳಗೆ.

ಅದು ಆರುತ್ತಿದ್ದದ್ದು ಸಾಮಾನ್ಯವಾಗಿ ಬಾಣಂತಿಗೋ ಮಗುವಿಗೋ ಎರೆಯುವ ಹೊತ್ತಿಗೆ. ಮೇಲಿನಿಂದ ಬೀಗಿತ್ತಿಯವರ ಕೂಗು ಕೇಳುತ್ತಿತ್ತು.

"ಬೀಗರ, ನೀರು ತಣ್ಣಗಾತ್ರಿ! ಕೂಸಿನ ಮೈಮ್ಯಾಲಿನ ಸಾಬಾಣ ಹಂಗ ಐತಿ!"

"ಊರಿನ ಕೆರೆನೆಲ್ಲ ಕಾಯಿಸೋಕೆ ಇದೇನು ಹಂಡೆ ಅಲ್ಲ ಬೀಗಿತ್ತಿಯವರೇ, ಬಾಯ್ಲರ್ರು!"

"ಹಂಡೇನ ಪಾಡ ಇತ್ರಿ. ಕಟಗಿ ಹಾಕಿದ್ರ ಉರೀತಿತ್ತು. ಹಿಂಗ ನಿಮ್ಮಂಗ ಮಾರಿ ಊದಿಸ್ಕೊಂಡು ಕೂಡ್ತಿರಲಿಲ್ಲ."

ಆಮೇಲೆ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ, ಸೆರಗಿನಲ್ಲಿ ಹಿಡಿದು, ಆ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಒಯ್ಯುತ್ತಿದ್ದರು. ನಾನು ಕೂತು ನೋಡುತ್ತಿದ್ದೆ.

ಗ್ಯಾಸ್ ಎಂಜಿನಿಯರ್ ಒಬ್ಬ ಬಂದ. ಮುಚ್ಚಳ ತೆಗೆದ, ಟಾರ್ಚ್ ಬಿಟ್ಟ, ಪೈಪಿನ ಉದ್ದಕ್ಕೂ ಬೆರಳಾಡಿಸಿದ. ಎಲ್ಲೂ ಸೋರುತ್ತಿಲ್ಲ ಎಂದ. ಹೊರಡುವಾಗ, ಮನೆಯಲ್ಲಿ ಯಾರಾದರೂ ರೇಡಿಯೇಟರ್ ಮುಟ್ಟುತ್ತೀರಾ ಎಂದು ಕೇಳಿದ. ಮಗ ಇಲ್ಲ ಎಂದ. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ. ಮುಟ್ಟುವುದು ಬೇರೆ, ಏರ್ ತೆಗೆಯುವುದು ಬೇರೆ ಎಂದುಕೊಂಡು ಸುಮ್ಮನಿದ್ದೆ.

ಹೌದು, ನಾನು ಏರ್ ತೆಗೆಯುತ್ತಿದ್ದೆ. ಡಿಪೋದಲ್ಲಿ ಡೀಸೆಲ್ ಎಂಜಿನ್ ಕೆಮ್ಮಿ ನಿಂತರೆ ನಮ್ಮ ಮೊದಲ ಮದ್ದು ಅದೇ: ತಿರುಪು ಸಡಿಲಿಸು, ನೊರೆ ಹೋಗಿ ಸ್ವಚ್ಛ ಡೀಸೆಲ್ ಬರುವವರೆಗೆ ಹರಿಯಬಿಡು, ಬಿಗಿ ಮಾಡು. ಅಡುಗೆಮನೆಯ ಡ್ರಾಯರ್‌ನಲ್ಲಿ ರೇಡಿಯೇಟರಿನ ಪುಟ್ಟ ಹಿತ್ತಾಳೆ ಕೀಲಿ ಕಂಡಾಗ ಕಳೆದುಹೋದ ಕೆಲಸವೇ ವಾಪಸು ಸಿಕ್ಕಂತಾಯಿತು. ಮಗ ಕೆಲಸಕ್ಕೆ ಹೋದ ಮೇಲೆ ಚೊಂಬು ಹಿಡಿದು ಮನೆಯೆಲ್ಲ ಸುತ್ತುತ್ತಿದ್ದೆ. ಕೀಲಿ ತಿರುಗಿಸಿದರೆ ಉಸ್ಸೆನ್ನುತ್ತಿತ್ತು, ಆಮೇಲೆ ಕಪ್ಪು ನೀರು. ಸ್ವಚ್ಛ ನೀರು ಬರಲೆಂದು ಒಂದೊಂದರಿಂದಲೂ ಚೊಂಬು ತುಂಬ ಇಳಿಸಿ ತೋಟಕ್ಕೆ ಚೆಲ್ಲುತ್ತಿದ್ದೆ. ಬಾಯ್ಲರ್ ಹೆಚ್ಚು ಕೆಟ್ಟಷ್ಟೂ ನಾನು ಹೆಚ್ಚು ಇಳಿಸುತ್ತಿದ್ದೆ. ಈ ಕಂಪ್ಯೂಟರ್ ಎಂಜಿನಿಯರುಗಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದು ಒಳಗೊಳಗೇ ನಗುತ್ತಿದ್ದೆ.

ಒಂದು ಸಂಜೆ ಊಟಕ್ಕೆ ಕೂತಾಗ ಮಗ ಮೆಲ್ಲಗೆ ಶುರುಮಾಡಿದ. "ಅತ್ತೆ, ಬಿಸಿನೀರು ಸ್ವಲ್ಪ ಕಮ್ಮಿ ಯೂಸ್ ಮಾಡಿ ನೋಡೋಣ್ವಾ? ಲೋಡ್ ಜಾಸ್ತಿ ಆಗ್ತಿದೆಯೇನೋ."

"ಬಾಣಂತಿಗೆ ಎರಿಯೂದ್ರಾಗ ಏನ್ ಕಮ್ಮಿ ಮಾಡ್ಲಪಾ?" ಎಂದರು ಅವರು.

ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಾಯಿ ಹಾಕಿದೆ. "ಅವರ ಊರಲ್ಲಿ ನಲ್ಲಿ ನೀರು ಬರೋದೇ ವಾರಕ್ಕೊಂದು ಸಲವಂತೆ. ಪಾಪ, ಇಲ್ಲಿ ಕಂಡಾಗ ಆಸೆ ತಡೆಯೋಕಾಗುತ್ತಾ?"

ಮಗ ನಕ್ಕ. ಬೀಗಿತ್ತಿಯವರು ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದರು. ಮಾರನೆಯ ಬೆಳಿಗ್ಗೆ ಟಿಕೆಟ್ ಬದಲಿಸಲು ಹೇಳಿದರು. ಸೊಸೆ ಹೊಟ್ಟೆಯ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. "ಇರವ್ವಾ" ಎಂದಷ್ಟೇ ಅಂದಳು. ಅವರು ನಿಲ್ಲಲಿಲ್ಲ. ಚಳಿ ಇನ್ನೂ ಮುಗಿದಿರಲಿಲ್ಲ.

ಅವರು ವಿಮಾನ ಹತ್ತಿದ ಮರುದಿನ ಅಡುಗೆಮನೆಯ ರೇಡಿಯೇಟರ್‌ಗೆ ಕೀಲಿ ಹಾಕಿದೆ. ಅದುವರೆಗೆ ಆ ಜಾಗದಲ್ಲಿ ಅವರ ಮಣೆ ಇದ್ದದ್ದರಿಂದ ಅದೊಂದನ್ನು ಬಿಟ್ಟಿದ್ದೆ. ಚೊಂಬಿಗೆ ನೀರು ಇಳಿಯುತ್ತಿದ್ದಾಗ ತಲೆ ಎತ್ತಿದರೆ ಎದುರಿಗೇ ಬಾಯ್ಲರ್. ಅದರ ಮುಳ್ಳು ನನ್ನ ಕಣ್ಣೆದುರೇ ಕೆಳಕ್ಕೆ ಜಾರುತ್ತಿತ್ತು. ಕೀಲಿ ಬಿಗಿ ಮಾಡಿದೆ, ನಿಂತಿತು. ಸಡಿಲಿಸಿದೆ, ಮತ್ತೆ ಜಾರಿತು. ಡೀಸೆಲ್‌ಗೆ ಟ್ಯಾಂಕ್ ಇದೆ, ಹರಿಸಿದರೆ ಹಿಂದಿನಿಂದ ಬರುತ್ತದೆ. ಇಲ್ಲಿ ಒಳಗಿದ್ದಷ್ಟೇ ನೀರು. ನಾನು ಚೊಂಬಿನಲ್ಲಿ ಇಳಿಸಿದ್ದೆಲ್ಲ ಅದರ ಜೀವ. ಡಿಪೋದಲ್ಲಿ ಹೊಸದಾಗಿ ಸೇರಿದ ಹೆಲ್ಪರ್ ಇಂಥದ್ದು ಮಾಡಿದ್ದರೆ ಎಲ್ಲರೆದುರು ಅವನ ಮಾನ ತೆಗೆಯುತ್ತಿದ್ದೆ.

ನನ್ನ ಮಾನವನ್ನು ಮಾತ್ರ ಜೋಪಾನ ಮಾಡಿದೆ. ಕೀಲಿಯನ್ನು ಡ್ರಾಯರ್‌ನ ಹಿಂದಕ್ಕೆ ತಳ್ಳಿದೆ. ಮಗ ಸಂಜೆ ಬಂದು ನೀರು ತುಂಬಿಸಿದ. ಅದಾದ ಮೇಲೆ ಬಾಯ್ಲರ್ ಒಮ್ಮೆಯೂ ಆರಲಿಲ್ಲ.

ವಾರ ಕಳೆದ ಮೇಲೆ ಮಗ ಹೇಳಿದ, "ನೋಡಿದ್ರಾ ಅಪ್ಪ, ಅತ್ತೆ ಹೋದ್ಮೇಲೆ ಬಾಯ್ಲರ್ ಸರಿಹೋಯ್ತು."

"ನಾನು ಆವತ್ತೇ ಹೇಳಿರಲಿಲ್ವಾ?" ಎಂದೆ.

ಈ ಮಾತನ್ನು ನಾನು ಗೊತ್ತಿದ್ದೂ ಗೊತ್ತಿದ್ದೂ ಆಡಿದೆ. ಕೀಲಿ ತಿರುಗಿಸಿದ್ದು ದಡ್ಡತನ. ಇದು ದಡ್ಡತನವಲ್ಲ. ಸೊಸೆ ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದಳು. ತಿರುಗಿ ಮೇಲೆ ಹೋದಳು. ಆಗ ಮಗುವಿಗೆ ಅವಳೊಬ್ಬಳೇ ಎರೆಯುತ್ತಿದ್ದಳು, ಫೋನನ್ನು ಕೈತೊಳೆಯುವ ಬೇಸಿನ್ನಿನ ಅಂಚಿಗೆ ಒರಗಿಸಿ. "ಅವ್ವಾ, ಹಿಂಗನ? ಕಾಲು ಇಷ್ಟು ಚಾಚಿದ್ರ ಸಾಕ?" ಎಂದು ಕೇಳುವುದು, ಆ ಕಡೆಯಿಂದ "ಕುತ್ತಿಗಿ ಹಿಡಿ, ಕುತ್ತಿಗಿ!" ಎಂದು ಕೂಗುವುದು ನನ್ನ ಕೋಣೆಗೆ ಕೇಳಿಸುತ್ತಿತ್ತು. ಬಿಸಿನೀರು ಧಾರಾಳವಾಗಿ ಬರುತ್ತಿತ್ತು.

ಈಗ ಸೊಸೆ ಮತ್ತೆ ಬಸುರಿ. ಬಾಣಂತನಕ್ಕೆ ಬಾ ಎಂದು ತಾಯಿಯನ್ನು ಕೇಳಿದಳು. "ನಿಮ್ಮ ಬಾಯ್ಲರ್ ನನ್ನ ತಡಿಯಂಗಿಲ್ಲವಾ" ಎಂದರಂತೆ. ಅದನ್ನು ಕೇಳಿದ ಮೇಲೆ ನಾನು ತೋಟದ ಮೂಲೆಗೆ ಹೋಗಿ ಅವರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ತಪ್ಪಾಯಿತು ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದರು: "ನನಗ್ಯಾಕ ಹೇಳ್ತೀರಿ ಬೀಗರ? ನಾ ಊರಿಗೆ ಬಂದು ನನ್ನ ಮನ್ಯಾಗ ಬೆಚ್ಚಗ ಮಲ್ಕೊಂಡೆ. ಹಸಿಮೈಲೆ ತಣ್ಣೀರಾಗ ನಿಂತಾಕಿ ಆಕಿ. ಕೂಸಿಗೆ ಎರಿಯಾಕ ಬರದ ಅತ್ತಾಕಿ ಆಕಿ. ಆಕಿಗೆ ಹೇಳ್ರಿ, ನಾ ಬರ್ತೀನಿ."

"ನೀವೇ ಒಂದು ಮಾತು ಅವಳಿಗೆ..."

"ನಾ ಹೇಳಂಗಿಲ್ಲ. ನನಗ ಅನ್ನಾಕ ನಿಮಗ ಬಾಯಿ ಬಂದಿತ್ತಲ್ಲ, ಈಗ ಎಲ್ಲಿ ಹೋತು?"

ಹೆರಿಗೆಯ ದಿನ ಹತ್ತಿರ ಬರುತ್ತಿದೆ. ದಿನಾ ಸಂಜೆ ಸೊಸೆಯ ಎದುರಿಗೇ ಕೂತು ಉಣ್ಣುತ್ತೇನೆ, "ಇನ್ನೊಂದು ಸ್ವಲ್ಪ ಸಾರು ಹಾಕ್ಲಾ ಮಾವ?" ಎಂದು ಅವಳೇ ಕೇಳುತ್ತಾಳೆ, ಹಾಕಮ್ಮ ಎನ್ನುತ್ತೇನೆ. ಅಷ್ಟಕ್ಕೆ ಮಾತ್ರ ಬಾಯಿ ಬರುತ್ತದೆ. ಅದಕ್ಕೇ ಇಷ್ಟುದ್ದ ಬರೆದೆ. ಬಾಣಂತಿಯ ಪಕ್ಕದಿಂದ ತಾಯಿಯನ್ನು ಎಬ್ಬಿಸಿ ಕಳಿಸಿದೆ; ಬೀಗಿತ್ತಿಯವರಿಗೆ ಹೇಳಿದ ತಪ್ಪಾಯಿತು ಎಂಬ ಮಾತನ್ನು ಆ ಬಾಣಂತಿಗೆ, ನನ್ನ ಸೊಸೆಗೆ, ಇನ್ನೂ ಹೇಳಿಲ್ಲ.